ಗಾಡಿಯ ಗುಡುಗೂ ಓಮಿನ ಲೆಕ್ಕವೂ

ಒಂದಕ್ಕೆ ಒಂದನ್ನು ಕೂಡಿಸಿದರೆ ಎರಡಾಗುವುದೆಂಬುದು ಶಾಲೆಯ ಮೊದಲನೆಯ ವರ್ಷದ ಪಾಠ. ಆ ಪಾಠವು ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರುವುದೆಂದರೆ, ಮುಂದೆ ಲೋಕದ ಎಲ್ಲ ವಸ್ತುಗಳನ್ನೂ ನಾವು ಅದೇ ಕೋಲಿನಿಂದ ಅಳೆಯಲು ಹೊರಡುತ್ತೇವೆ. ಎರಡು ಎತ್ತುಗಳಿಗೆ ಒಂದಕ್ಕಿಂತ ಹೆಚ್ಚು ಬಲ. ಎರಡು ದೀಪಗಳಿಗೆ ಒಂದಕ್ಕಿಂತ ಹೆಚ್ಚು ಬೆಳಕು. ಆದರೆ ಕೂಡಿಸಿದಷ್ಟೂ ಕಡಿಮೆಯಾಗುವ ವಸ್ತುಗಳೂ ಲೋಕದಲ್ಲುಂಟು. ಹಾಗೆ ಒಂದು ಕಡಿಮೆಯಾದುದರಿಂದಲೇ ಮತ್ತೊಂದು ಅಪಾಯಕರವಾಗಿ ಹೆಚ್ಚುವುದೂ ಉಂಟು. ಇದು ವೇದಾಂತದ ಮಾತಲ್ಲ. ಇಂದಿನ ತರುಣರು ಮೋಟಾರು ಗಾಡಿಯ ಡಿಕ್ಕಿಯಲ್ಲಿ ಕೂಡಿಸುವ ಸಬ್‌ವೂಫರ್ ಎಂಬ ಧ್ವನಿಪೆಟ್ಟಿಗೆಗಳ ವಿಷಯ. ಇದು ಗೃಹಸ್ಥರ ಓದಿಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಮನೆಯ ಗಾಡಿಯಲ್ಲಿ ಕುಳಿತು ಹೋಗುವವರು ಮನೆಯ ಹೆಂಗಸರು ಮಕ್ಕಳು; ಅದರಲ್ಲಿ ಬೆಂಕಿ ಹೊತ್ತಿದರೆ ಆಪತ್ತು ಬರುವುದೂ ಅವರಿಗೇ. ಆದುದರಿಂದ ತಕ್ಕುದೆಂದೇ ನಮ್ಮ ಅಭಿಪ್ರಾಯ.

ನಮ್ಮ ಸೈದಾಪುರವು ಯಾದಗಿರಿ ಜಿಲ್ಲೆಯಲ್ಲಿ, ವಾಡಿ ರಾಯಚೂರುಗಳ ನಡುವಣ ರೈಲು ದಾರಿಯ ಮೇಲಿರುವ ಊರು. ಇಲ್ಲಿ ಮದುವೆಯಾಗಲಿ ಜಾತ್ರೆಯಾಗಲಿ ಸಪ್ಪಳವಿಲ್ಲದೆ ನಡೆದುದಿಲ್ಲ. ಹಿಂದೆ ಹಲಗೆ, ಡೊಳ್ಳು, ಸನಾದಿಗಳು ಇದ್ದವು. ಈಗ ಅವುಗಳ ಜೊತೆಗೆ ಟ್ರ್ಯಾಕ್ಟರಿನ ಮೇಲೆ ಆಳೆತ್ತರ ಪೇರಿಸಿದ ಡಿಜೆ ಪೆಟ್ಟಿಗೆಗಳು ಬಂದಿವೆ. ಟ್ರ್ಯಾಕ್ಟರಿನಿಂದ ಅದೇ ಚಪಲವು ಮನೆಯ ಕಾರಿಗೂ ಇಳಿದಿದೆ. ಇದನ್ನು ಬರಿಯ ಕೇಡೆಂದು ಬಯ್ಯುವವರೊಡನೆ ನಾವು ಸೇರುವುದಿಲ್ಲ. ಡೊಳ್ಳಿನ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುವುದನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಮನುಷ್ಯನ ಕಿವಿ ಕ್ಷಣಕ್ಕೆ 20 ಕಂಪನಗಳಿಂದ 20,000 ಕಂಪನಗಳವರೆಗಿನ ಸ್ವರವನ್ನು ಗ್ರಹಿಸುವುದು. ಅದರಲ್ಲಿ 20ರಿಂದ ಸುಮಾರು 100ರವರೆಗಿನ ಮಂದ್ರಭಾಗವನ್ನು ಚಿಕ್ಕ ಸ್ಪೀಕರುಗಳು ಸರಿಯಾಗಿ ನುಡಿಸಲಾರವು. ಆ ಕೊರತೆಯನ್ನು ತುಂಬುವುದಕ್ಕೇ ಸಬ್‌ವೂಫರ್ ಹುಟ್ಟಿದೆ. ಡೊಳ್ಳಿಗೆ ಮನಸೋತ ಅಜ್ಜನ ಮೊಮ್ಮಗನು ಸಬ್‌ವೂಫರಿಗೆ ಮನಸೋತರೆ ಆಶ್ಚರ್ಯವೇನು? ಆದರೆ ಡೊಳ್ಳನ್ನು ಎಷ್ಟು ಬಡಿದರೂ ಸೋಲುವುದು ಬಡಿಯುವವನ ಕೈ ಮಾತ್ರ, ಇದರಲ್ಲಿ ಹಾಗಲ್ಲ.

ಕಳೆದ ಮಾಘಮಾಸದಲ್ಲಿ ಒಂದು ದಿನ, ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕೈಯಲ್ಲಿ ಓದಿದ ಒಬ್ಬರು ತಮ್ಮ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಅವರು ಅರಳೆಯ ವ್ಯಾಪಾರದಲ್ಲಿ ಅನುಕೂಲವಾಗಿರುವವರು. ಮಗನಿಗೆ ಇಪ್ಪತ್ತೊಂದರ ಪ್ರಾಯ. “ಸರ, ಇವನಿಗೆ ತುಸು ಬುದ್ಧಿ ಹೇಳ್ರಿ. ಗಾಡ್ಯಾಗ ಸುಟ್ಟ ವಾಸನಿ ಬರ್ಲಿಕತ್ತದ, ಕೇಳಿದ್ರ ಏನೂ ಆಗಲ್ಲ ಅಂತಾನ” ಎಂದು ತಂದೆ ದೂರಿದರು. ಮೂರು ದಿನಗಳಲ್ಲಿ ಆ ಮನೆಯವರು ಸುರಪುರಕ್ಕೆ ಮದುವೆಗೆ ಹೊರಡತಕ್ಕವರು. ಹಿರಿಯ ಮಗಳು ತನ್ನ ನಾಲ್ಕು ತಿಂಗಳ ಕೂಸಿನೊಡನೆ ಅದೇ ಗಾಡಿಯಲ್ಲಿ ಬರುವವಳಿದ್ದಳು.

ನಾವು ಕಲಿಸಿದ ವಿಷಯಗಳು ಸಂಸ್ಕೃತವೂ ಕನ್ನಡವೂ. ಗಾಡಿಯ ಮಾತಿಗೆ ನಮ್ಮಲ್ಲಿಗೆ ಏಕೆ ಬಂದರೆಂದರೆ, ವಿಜ್ಞಾನಕ್ಕೆ ಉಪಾಧ್ಯಾಯರಿಲ್ಲದ ವರ್ಷಗಳಲ್ಲಿ ಹತ್ತನೆಯ ತರಗತಿಗೆ ವಿದ್ಯುತ್ತಿನ ಅಧ್ಯಾಯವನ್ನು ನಾವೇ ಪಾಠಮಾಡಿದುದುಂಟು. ಅದು ಆ ಶಿಷ್ಯರಿಗೆ ನೆನಪಿದ್ದಿತು. ಹುಡುಗನು ಮುಂದಿಟ್ಟ ಸಮಸ್ಯೆಗೆ ಆ ಒಂದು ಅಧ್ಯಾಯವೂ ಸಾಮಾನ್ಯ ಭಿನ್ನರಾಶಿಯ ಲೆಕ್ಕವೂ ಬಹುಮಟ್ಟಿಗೆ ಸಾಕಾದವು.

ಅವನು ಹನ್ನೆರಡು ಅಂಗುಲದ ಎರಡು ಸಬ್‌ವೂಫರುಗಳನ್ನು ಕೊಂಡಿದ್ದನು. ಒಂದೊಂದರಲ್ಲಿಯೂ ನಾಲ್ಕು ಓಮಿನ ಎರಡೆರಡು ಸುರುಳಿಗಳು. ಅಂತು ನಾಲ್ಕು ಸುರುಳಿಗಳು. ಅವುಗಳಿಗೆ ಬಲಕೊಡುವ ಆಂಪ್ಲಿಫಾಯರಿನ ಪುಸ್ತಕದಲ್ಲಿ, 4 ಓಮಿಗೆ 300 ವ್ಯಾಟ್, 2 ಓಮಿಗೆ 500 ವ್ಯಾಟ್, 2 ಓಮಿಗಿಂತ ಕೆಳಗೆ ಜೋಡಿಸಕೂಡದು ಎಂದು ಅಚ್ಚಾಗಿದ್ದಿತು. ಹುಡುಗನು ನಾಲ್ಕು ಸುರುಳಿಗಳ ಧನಾಗ್ರಗಳನ್ನೆಲ್ಲ ಒಂದು ಕಡೆಗೆ, ಋಣಾಗ್ರಗಳನ್ನೆಲ್ಲ ಮತ್ತೊಂದು ಕಡೆಗೆ ಸೇರಿಸಿದ್ದನು. “ಒಂದಕ್ಕ ನಾಲ್ಕು ಓಮು ಅಂದ್ರ ನಾಲ್ಕಕ್ಕ ಹದಿನಾರು ಆಗಬೇಕಲ್ರಿ ಸರ? ಎರಡಕ್ಕಿಂತ ಭಾಳ ಮ್ಯಾಲ ಅದ” ಎಂದನು. ಹತ್ತು ನಿಮಿಷ ಹಾಡು ಹಾಕಿದರೆ ಯಂತ್ರವು ಕಾದು ತಾನಾಗಿ ನಿಲ್ಲುತ್ತಿದ್ದಿತು. ಗಾಡಿಯ ಫ್ಯೂಜು ಮೇಲಿಂದ ಮೇಲೆ ಹೋಗುತ್ತಿದ್ದುದರಿಂದ, ಯಾರೋ ಹೇಳಿದ ಮಾತು ಕೇಳಿ, ಅದರ ಸ್ಥಾನದಲ್ಲಿ ಒಂದು ತಂತಿಯ ತುಂಡನ್ನು ಬಿಗಿದಿದ್ದನು. ಸುಟ್ಟ ವಾಸನೆ ಆರಂಭವಾದುದು ಆಮೇಲೆ.

ಇಲ್ಲಿ ಓಮ್ ಎಂಬುದೇನೆಂದು ಹೇಳಬೇಕು. ನಮ್ಮ ಪ್ರಣವಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಜರ್ಮನಿಯ ಒಬ್ಬ ಉಪಾಧ್ಯಾಯನ ಹೆಸರು. ಗೇಯೋರ್ಗ್ ಸೈಮನ್ ಓಮ್ ಎಂಬಾತನು 1789ರಲ್ಲಿ ಎರ್ಲಾಂಗೆನ್ ಎಂಬ ಊರಿನಲ್ಲಿ ಬೀಗದ ಕೆಲಸಗಾರನೊಬ್ಬನ ಮಗನಾಗಿ ಹುಟ್ಟಿದನು. ಕೊಲೋನಿನ ಶಾಲೆಯಲ್ಲಿ ಗಣಿತ ಭೌತಶಾಸ್ತ್ರಗಳನ್ನು ಕಲಿಸುತ್ತ, ಬಿಡುವಿನಲ್ಲಿ ಪ್ರಯೋಗಗಳನ್ನು ನಡೆಸಿದನು. ವಿದ್ಯುತ್ತಿನ ಒತ್ತಡ, ಪ್ರವಾಹ, ತಡೆ ಈ ಮೂರಕ್ಕೂ ಇರುವ ಸಂಬಂಧವನ್ನು 1827ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಸ್ವದೇಶದ ಪಂಡಿತರು ಮೊದಮೊದಲು ಅದನ್ನು ಆದರಿಸಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲೆ ಪದಕವನ್ನಿತ್ತು ಗೌರವಿಸಿತು. ಆತನು ತೀರಿದ ಮೇಲೆ, 1881ರ ಪ್ಯಾರಿಸ್ ಸಮ್ಮೇಳನದಲ್ಲಿ ತಡೆಯ ಅಳತೆಗೆ ಆತನ ಹೆಸರೇ ನಿಂತಿತು. ಒತ್ತಡವನ್ನು ತಡೆಯಿಂದ ಭಾಗಿಸಿದರೆ ಪ್ರವಾಹವು ದೊರೆಯುವುದು: ಆತನ ಸಿದ್ಧಾಂತವು ಇಷ್ಟೇ.

ಇನ್ನು ಕೂಡಿಸುವ ಕ್ರಮಕ್ಕೆ ಬರೋಣ. ಒಂದು ಕೆರೆಗೆ ಒಂದು ತೂಬು ಇದ್ದರೆ ಇಂತಿಷ್ಟು ನೀರು ಹರಿಯುವುದು. ಅದರ ಪಕ್ಕದಲ್ಲಿಯೇ ಅಂತಹದೇ ಮತ್ತೊಂದು ತೂಬನ್ನು ತೆರೆದರೆ ನೀರಿಗೆ ತಡೆಯು ಹೆಚ್ಚಾಯಿತೆಂದು ಯಾವ ರೈತನೂ ಹೇಳನು. ತಡೆಯು ಅರ್ಧಕ್ಕಿಳಿದು ಹರಿವು ಇಮ್ಮಡಿಯಾಯಿತೆಂದೇ ಹೇಳುವನು. ತಡೆಯು ಕೂಡುತ್ತ ಹೋಗುವುದು ಒಂದೇ ಕಾಲುವೆಯಲ್ಲಿ ಒಂದರ ಮುಂದೊಂದರಂತೆ ಗೇಟುಗಳನ್ನಿಟ್ಟಾಗ. ವಿದ್ಯುತ್ತಿನಲ್ಲಿಯೂ ಹೀಗೆಯೇ. ಒಂದು ಸುರುಳಿಯ ಋಣಾಗ್ರಕ್ಕೆ ಮುಂದಿನ ಸುರುಳಿಯ ಧನಾಗ್ರವನ್ನು ಕಟ್ಟಿ ಮಾಲೆಯಂತೆ ಪೋಣಿಸಿದರೆ ಅದು ಸರಣಿ ಜೋಡಣೆ. ಅದರಲ್ಲಿ ಓಮುಗಳು ಕೂಡುತ್ತವೆ: ನಾಲ್ಕು, ಎಂಟು, ಹನ್ನೆರಡು, ಹದಿನಾರು. ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ ಪಕ್ಕಪಕ್ಕದಲ್ಲಿ ಕಟ್ಟಿದರೆ ಅದು ಸಮಾಂತರ ಜೋಡಣೆ. ಅದರಲ್ಲಿ ಕೂಡುವುದು ಓಮುಗಳಲ್ಲ, ಓಮುಗಳ ವ್ಯುತ್ಕ್ರಮಗಳು. ನಾಲ್ಕು ಓಮಿನ ನಾಲ್ಕು ಸುರುಳಿಗಳೆಂದರೆ ಕಾಲು, ಕಾಲು, ಕಾಲು, ಕಾಲು, ಒಟ್ಟು ಒಂದು. ಒಂದರ ವ್ಯುತ್ಕ್ರಮವು ಒಂದೇ. ಹುಡುಗನು ಹದಿನಾರೆಂದು ತಿಳಿದುದು ನಿಜವಾಗಿ ಒಂದೇ ಓಮಾಗಿದ್ದಿತು! ಲೆಕ್ಕವನ್ನು ಕಾಗದದ ಮೇಲೆ ಅವನ ಕೈಯಿಂದಲೇ ಮಾಡಿಸಿದೆವು. ಉತ್ತರವನ್ನು ಕಂಡು ಅವನು ಒಂದು ಕ್ಷಣ ಸುಮ್ಮನಾದನು. ಹತ್ತನೆಯ ತರಗತಿಯಲ್ಲಿ ಇದೇ ಲೆಕ್ಕಕ್ಕೆ ಅವನು ಪೂರ್ಣಾಂಕ ಪಡೆದಿದ್ದನಂತೆ. ಪುಸ್ತಕದಲ್ಲಿ ಬಿಡಿಸಿದ ಲೆಕ್ಕವು ಡಿಕ್ಕಿಯಲ್ಲಿಯೂ ನಡೆಯುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ಓಮಾದರೆ ಕೆಡುಕೇನು? ಆಂಪ್ಲಿಫಾಯರು ಒಂದು ಗಳಿಗೆಯಲ್ಲಿ 20 ವೋಲ್ಟಿನ ಒತ್ತಡವನ್ನು ಕೊಡುತ್ತಿದೆಯೆಂದು ಭಾವಿಸೋಣ. 4 ಓಮಿನ ತಡೆ ಎದುರಿಗಿದ್ದರೆ 5 ಆಂಪಿಯರ್ ಪ್ರವಾಹವು ಹರಿಯುವುದು. 2 ಓಮಾದರೆ 10. 1 ಓಮಾದರೆ 20. ಯಂತ್ರದ ಒಳಗಿನ ಅವಯವಗಳಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗವನ್ನನುಸರಿಸಿ ಏರುವುದರಿಂದ, ಪ್ರವಾಹವು ನಾಲ್ಕು ಮಡಿಯಾದರೆ ಕಾವು ಹದಿನಾರು ಮಡಿಯಾಗುವುದು. ಹುಡುಗನು ನಿರೀಕ್ಷಿಸಿದ ಹದಿನಾರು ಎಲ್ಲಿಯೂ ಹೋಗಿರಲಿಲ್ಲ; ಓಮಿನಲ್ಲಿ ಕಾಣಿಸಿಕೊಳ್ಳುವುದನ್ನು ಬಿಟ್ಟು ಕಾವಿನಲ್ಲಿ ಕಾಣಿಸಿಕೊಂಡಿದ್ದಿತು. ಚೈತ್ರ ವೈಶಾಖಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ಬಿಸಿಲಿಗೆ ನಿಂತ ಗಾಡಿಯ ಮುಚ್ಚಿದ ಡಿಕ್ಕಿಯೊಳಗೆ ಆ ಕಾವು ಹೊರಹೋಗುವುದಕ್ಕೂ ದಾರಿಯಿರುವುದಿಲ್ಲ.

ಶಾಬ್ದಬೋಧದ ವಿಚಾರದಲ್ಲಿ ನಮ್ಮ ನೈಯಾಯಿಕರು ಯೋಗ್ಯತೆ ಎಂಬುದೊಂದನ್ನು ಹೇಳುತ್ತಾರೆ. ಪದಗಳನ್ನು ವ್ಯಾಕರಣಶುದ್ಧವಾಗಿ ಜೋಡಿಸಿದ ಮಾತ್ರಕ್ಕೆ ವಾಕ್ಯವು ಅರ್ಥವನ್ನು ಕೊಡದು. ಆ ಪದಗಳ ಅರ್ಥಗಳು ಒಂದಕ್ಕೊಂದು ಹೊಂದತಕ್ಕವುಗಳಾಗಿರಬೇಕು. ‘ಬಂಡೆಯನ್ನು ಕುಡಿದನು’ ಎಂಬಲ್ಲಿ ಕರ್ಮವೂ ಉಂಟು, ಕ್ರಿಯೆಯೂ ಉಂಟು. ಯೋಗ್ಯತೆ ಮಾತ್ರ ಇಲ್ಲ. ಹುಡುಗನ ಜೋಡಣೆಯೂ ಅಂತಹದೇ. ಪ್ರತಿಯೊಂದು ತಂತಿಯೂ ತನ್ನ ಸ್ಥಾನದಲ್ಲಿ ಬಿಗಿಯಾಗಿದ್ದಿತು, ಧನಋಣಗಳು ಸರಿಯಾಗಿದ್ದವು, ಹಾಡೂ ಬರುತ್ತಿದ್ದಿತು. ಆದರೂ ಆ ಭಾರಕ್ಕೂ ಆ ಯಂತ್ರಕ್ಕೂ ಯೋಗ್ಯತೆಯ ಸಂಬಂಧವಿರಲಿಲ್ಲ. ಹಾಡು ಬರುತ್ತಿದೆಯೆಂಬುದು ಜೋಡಣೆಯು ಸರಿಯೆಂಬುದಕ್ಕೆ ಪ್ರಮಾಣವಲ್ಲ.

ಹಾಗಾದರೆ ಸರಿಯಾದ ಜೋಡಣೆ ಯಾವುದು? ಒಂದು ಪೆಟ್ಟಿಗೆಯ ಎರಡು ಸುರುಳಿಗಳನ್ನು ಸರಣಿಯಲ್ಲಿ ಕಟ್ಟಿದರೆ ಎಂಟು ಓಮು. ಅಂತಹ ಎರಡು ಎಂಟುಗಳನ್ನು ಸಮಾಂತರವಾಗಿ ಸೇರಿಸಿದರೆ ನಾಲ್ಕು. ಎಲ್ಲ ಸುರುಳಿಗಳಿಗೂ ಬಲವು ಸಮನಾಗಿ ಹಂಚಿಕೆಯಾಗಬೇಕೆಂದರೆ, ಈ ನಾಲ್ಕು ಸುರುಳಿಗಳಿಂದ 1, 4, 16 ಈ ಮೂರು ಸಂಖ್ಯೆಗಳು ಮಾತ್ರ ದೊರೆಯುವುವು. 2 ಎಂಬುದು ದೊರೆಯುವುದಿಲ್ಲ. ಆದುದರಿಂದ 4 ಓಮಿನ ಜೋಡಣೆಯೊಂದೇ ಉಚಿತವೆಂದು ನಿಶ್ಚಯವಾಯಿತು. ಆಗ ಹುಡುಗನ ಮುಖವು ಬಾಡಿತು. “ಐದುನೂರು ವ್ಯಾಟಿಗೆ ರೊಕ್ಕ ಕೊಟ್ಟೀನ್ರಿ ಸರ, ಮುನ್ನೂರೇ ಸಿಗತಾವೇನ್ರಿ?” ಎಂದನು. ಅವನ ದುಃಖವು ಸಹಜವಾದುದು. ಅದು ಅವನು ತಾನೇ ದುಡಿದು ಕೂಡಿಸಿದ ಹಣ. ಆದರೆ ಕಿವಿಯ ಲೆಕ್ಕವು ಅಂಗಡಿಯ ಲೆಕ್ಕಕ್ಕಿಂತ ಬೇರೆಯಾದುದು. 300ರಿಂದ 500 ವ್ಯಾಟಿಗೆ ಏರಿದರೆ ಧ್ವನಿಯು ಎರಡು ಡೆಸಿಬೆಲ್ಲುಗಳಿಗಿಂತ ತುಸು ಹೆಚ್ಚಾಗುವುದು, ಅಷ್ಟೆ. ಅದು ಕಿವಿಗೆ ಸ್ವಲ್ಪವೇ ತಿಳಿಯುವ ಭೇದ. ಸಪ್ಪಳವು ಇಮ್ಮಡಿಯಾದಂತೆ ಕಿವಿಗೆ ತೋರಬೇಕಾದರೆ ಬಲವು ಸುಮಾರು ಹತ್ತು ಮಡಿಯಾಗಬೇಕು. ಇದನ್ನು ತಿಳಿಸಿದ ಮೇಲೆ ಅವನ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಎರಡೆರಡು ಓಮಿನ ಸುರುಳಿಗಳಿರುವ ಪೆಟ್ಟಿಗೆಗಳನ್ನು ಕೊಂಡಿದ್ದರೆ ಇದೇ ಕ್ರಮದಿಂದ ಸರಿಯಾಗಿ 2 ಓಮಾಗುತ್ತಿದ್ದಿತೆಂಬುದೂ ನಿಜ. ಕೊಳ್ಳುವ ಮೊದಲು ಮಾಡಿದ ಲೆಕ್ಕಕ್ಕೆ ಖರ್ಚಿಲ್ಲ. ಕೊಂಡ ಮೇಲೆ ಮಾಡಿದ ಲೆಕ್ಕಕ್ಕೆ ಉಂಟು.

ಮರುದಿನ ಬೆಳಿಗ್ಗೆ ಊರಿನ ಅನುಭವಿಯಾದ ಮಿಸ್ತ್ರಿಯೊಬ್ಬರನ್ನು ಕರೆಸಿದೆವು. ಪಾನಾ ಹಿಡಿಯುವ ಕೆಲಸ ಅವರದು, ಪುಸ್ತಕ ಓದುವ ಕೆಲಸ ನಮ್ಮದು. ಅವರು ಮೊದಲು ಬ್ಯಾಟರಿಯ ಋಣಾಗ್ರವನ್ನು ಬಿಚ್ಚಿದರು. ಈ ಕ್ರಮಕ್ಕೆ ಕಾರಣವುಂಟು. ಗಾಡಿಯ ಕಬ್ಬಿಣದ ಮೈಯೆಲ್ಲವೂ ಋಣಾಗ್ರಕ್ಕೆ ಸೇರಿದುದು. ಧನಾಗ್ರವನ್ನು ಮೊದಲು ಬಿಚ್ಚಹೋದರೆ ಪಾನೆಯು ಪಕ್ಕದ ಕಬ್ಬಿಣಕ್ಕೆ ತಾಗಿದ ಕೂಡಲೆ ಕಿಡಿ ಹಾರುವುದು. ಋಣಾಗ್ರವನ್ನು ಮೊದಲು ಬಿಚ್ಚಬೇಕು, ಕೊನೆಗೆ ಕಟ್ಟಬೇಕು. ಇದಾದ ಮೇಲೆ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಹೋಗಿದ್ದ ಮುಖ್ಯ ತಂತಿಯನ್ನು ಅವರು ಕೈಯಿಂದ ತಡವುತ್ತ ಬಂದರು. ಇಂಜಿನ್ನಿನ ಹಿಂದಣ ತಗಡಿನ ಗೋಡೆಯ ತೂತಿನಲ್ಲಿ ಅವರ ಕೈ ನಿಂತಿತು. ತೂತಿಗೆ ರಬ್ಬರಿನ ಬಳೆಯನ್ನು ಹಾಕಿರಲಿಲ್ಲ. ಗಾಡಿಯ ಅಲುಗಾಟಕ್ಕೆ ತಗಡಿನ ಅಂಚು ತಂತಿಯ ಮೇಲಿನ ಹೊದಿಕೆಯನ್ನು ಗರಗಸದಂತೆ ಕೊಯ್ದು, ಒಳಗಿನ ಲೋಹವು ಒಂದು ಕೂದಲೆಳೆಯಷ್ಟು ಹೊಳೆಯುತ್ತಿದ್ದಿತು. ಮಿಸ್ತ್ರಿಯವರು ಮಾತಾಡದೆ ತಂದೆಯನ್ನು ಕರೆದು ತೋರಿಸಿದರು. ತಂದೆಯು ಅದನ್ನು ನೋಡಿ, ತಲೆಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಮಗಳ ಕಡೆಗೊಮ್ಮೆ ತಿರುಗಿ ನೋಡಿದರು. ಅವರೂ ಏನನ್ನೂ ಆಡಲಿಲ್ಲ.

ಓಮಿನ ತಪ್ಪಿನಿಂದ ಕೆಡುವುದು ಯಂತ್ರ. ಈ ತಪ್ಪಿನಿಂದ ಉರಿಯುವುದು ಗಾಡಿ. ಬ್ಯಾಟರಿಯು ಹನ್ನೆರಡೇ ವೋಲ್ಟಿನದೆಂದು ಜನರು ಅದನ್ನು ಅಲಕ್ಷ್ಯಮಾಡುತ್ತಾರೆ. ಮುಟ್ಟಿದರೆ ಅದು ಹೊಡೆಯುವುದಿಲ್ಲವೆಂಬುದು ದಿಟ. ಆದರೆ ಅದರ ಧನತಂತಿಯು ಗಾಡಿಯ ಮೈಗೆ ನೇರವಾಗಿ ತಾಗಿದರೆ ನೂರಾರು ಆಂಪಿಯರುಗಳ ಪ್ರವಾಹವು ಒಮ್ಮೆಲೇ ನುಗ್ಗಿ, ತಂತಿಯು ಕೆಂಪಗೆ ಕಾದು, ಹೊದಿಕೆಯೂ ಅದರ ಬಳಿಯ ಬಟ್ಟೆಬರೆಯೂ ಹೊತ್ತಿಕೊಳ್ಳುವುವು. ಇದನ್ನು ತಡೆಯುವ ಕಾವಲುಗಾರನೇ ಫ್ಯೂಜು. ಫ್ಯೂಜಿರುವುದು ಆಂಪ್ಲಿಫಾಯರಿನ ರಕ್ಷಣೆಗೆಂದು ಹುಡುಗನು ತಿಳಿದು, ಅದನ್ನು ಡಿಕ್ಕಿಯಲ್ಲಿ ಯಂತ್ರದ ಪಕ್ಕಕ್ಕೆ ಇಟ್ಟಿದ್ದನು. ಆಮೇಲೆ ಅಲ್ಲಿಯೂ ತಂತಿಯ ತುಂಡನ್ನು ಬಿಗಿದಿದ್ದನು. ಈ ಫ್ಯೂಜು ಕಾಯಬೇಕಾದುದು ತಂತಿಯನ್ನು. ಬ್ಯಾಟರಿಯಿಂದ ಫ್ಯೂಜಿನವರೆಗಿನ ತಂತಿಗೆ ಕಾವಲೇ ಇಲ್ಲದುದರಿಂದ ಆ ಭಾಗವು ಎಷ್ಟು ಗಿಡ್ಡವಾಗಿದ್ದರೆ ಅಷ್ಟು ಕ್ಷೇಮ. ಹದಿನೆಂಟು ಅಂಗುಲದೊಳಗೆ ಇರಬೇಕೆಂಬುದು ಈ ಕೆಲಸದವರ ನಿಯಮ. ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಮೊಳ. ಕಾವಲುಗಾರನು ಬಾಗಿಲಲ್ಲಿರಬೇಕೇ ಹೊರತು ಹಿತ್ತಲಲ್ಲಿದ್ದು ಪ್ರಯೋಜನವಿಲ್ಲ.

ಫ್ಯೂಜು ಎಷ್ಟು ಆಂಪಿಯರಿನದಾಗಿರಬೇಕೆಂಬುದಕ್ಕೂ ಲೆಕ್ಕವುಂಟು. ಆಂಪ್ಲಿಫಾಯರು ಹೊರಗೆ 300 ವ್ಯಾಟ್ ಕೊಡಬೇಕಾದರೆ, ನೂರಕ್ಕೆ ಇಪ್ಪತ್ತೈದು ಭಾಗವು ಕಾವಾಗಿ ಹೋಗುವುದೆಂದು ಹಿಡಿದು, ಬ್ಯಾಟರಿಯಿಂದ 400 ವ್ಯಾಟನ್ನು ಸೆಳೆಯುವುದು. ಇಂಜಿನ್ ನಡೆಯುವಾಗಿನ 13.8 ವೋಲ್ಟಿನಿಂದ ಭಾಗಿಸಿದರೆ ಸುಮಾರು 29 ಆಂಪಿಯರ್. ಯಂತ್ರದ ಪುಸ್ತಕದಲ್ಲಿ ಹೇಳಿದ 40 ಆಂಪಿಯರಿನ ಫ್ಯೂಜು ಇದಕ್ಕೆ ಧಾರಾಳವಾಯಿತು. ಆದರೆ ಅದು ತಂತಿಯು ಹೊರಬಲ್ಲ ಪ್ರವಾಹಕ್ಕಿಂತ ದೊಡ್ಡದಾಗಕೂಡದು. ಫ್ಯೂಜು ಪದೇಪದೇ ಹೋದರೆ ಅದು ಯಾವುದೋ ತಪ್ಪನ್ನು ಹೇಳುತ್ತಿದೆಯೆಂದು ತಿಳಿಯಬೇಕು. ದೊಡ್ಡದನ್ನು ಹಾಕುವುದು, ತಂತಿ ಬಿಗಿಯುವುದು, ಇವು ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ.

ತಂತಿಯ ವಿಷಯದಲ್ಲಿಯೂ ಒಂದು ಮೋಸವುಂಟು. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಹಲವು ತಂತಿಗಳು ತಾಮ್ರದವಲ್ಲ. ಅಲ್ಯುಮಿನಿಯಮ್ಮಿನ ಎಳೆಗಳಿಗೆ ತಾಮ್ರದ ತೆಳುಹೊದಿಕೆ ಕೊಟ್ಟವು. ಅವುಗಳ ವಾಹಕಶಕ್ತಿ ಶುದ್ಧ ತಾಮ್ರದ ಮೂರರಲ್ಲಿ ಎರಡು ಪಾಲನ್ನು ಮುಟ್ಟುವುದಿಲ್ಲ. ಎಳೆಯ ತುದಿಯನ್ನು ಚಾಕುವಿನಿಂದ ಹೆರೆದರೆ ಒಳಗಿನ ಬಿಳುಪು ಕಾಣಿಸುವುದು. ಮಿಸ್ತ್ರಿಯವರು ಹಳೆಯದನ್ನು ತೆಗೆದೊಗೆದು ನಾಲ್ಕನೆಯ ಗೇಜಿನ ಶುದ್ಧ ತಾಮ್ರದ ತಂತಿಯನ್ನು ಎಳೆದು, ತೂತಿಗೆ ರಬ್ಬರಿನ ಬಳೆಯನ್ನು ಕೂಡಿಸಿ, ಬ್ಯಾಟರಿಯಿಂದ ಮೊಳದೊಳಗೆ 40 ಆಂಪಿಯರಿನ ಫ್ಯೂಜನ್ನಿಟ್ಟರು. ಋಣತಂತಿಯೂ ಅಷ್ಟೇ ದಪ್ಪದ್ದಾಗಿ, ಗಿಡ್ಡವಾಗಿ, ಬಣ್ಣವನ್ನು ಕೆರೆದು ಹೊಳಪಿಗೆ ತಂದ ಕಬ್ಬಿಣಕ್ಕೆ ಭದ್ರವಾಗಿ ಬಿಗಿಯಬೇಕು. ಬಣ್ಣದ ಮೇಲೆ ಬಿಗಿದ ತಂತಿಯು ಕಾಯುವುದು.

ಸುರುಳಿಗಳನ್ನು ಹೊಸದಾಗಿ ಕಟ್ಟಿದ ಮೇಲೆ, ಆಂಪ್ಲಿಫಾಯರಿಗೆ ಸೇರಿಸುವ ಮೊದಲೇ, ಮಲ್ಟಿಮೀಟರಿನಿಂದ ಅಳೆದು ನೋಡಿದೆವು. ನಾಲ್ಕು ಓಮಿನದೆಂದು ಹೆಸರುಳ್ಳ ಸುರುಳಿಯು ಮೀಟರಿನಲ್ಲಿ ನಾಲ್ಕಕ್ಕಿಂತ ತುಸು ಕಡಿಮೆ, ಮೂರೂಕಾಲು ಮೂರೂವರೆಯಷ್ಟು, ತೋರಿಸುವುದು ಸಹಜ. ಹಾಡುವಾಗಿನ ತಡೆ ಬೇರೆ, ಸುಮ್ಮನಿರುವಾಗಿನ ತಡೆ ಬೇರೆ. ಆದರೆ ನಾಲ್ಕರ ಬದಲಿಗೆ ಒಂದರ ಸಮೀಪ ತೋರಿಸಿದರೆ ಅಲ್ಲಿಯೇ ನಿಲ್ಲಿಸಬೇಕು. ಎರಡು ಪೆಟ್ಟಿಗೆಗಳಲ್ಲಿ ಒಂದರ ಧನಋಣಗಳು ತಿರುವುಮುರುವಾದರೆ ಒಂದರ ಶಂಕು ಮುಂದಕ್ಕೆ ಬರುವಾಗ ಮತ್ತೊಂದು ಹಿಂದಕ್ಕೆ ಸರಿದು, ಒಂದರ ನಾದವನ್ನು ಮತ್ತೊಂದು ನುಂಗುವುದು. ಇದರ ಪರೀಕ್ಷೆ ಬಹು ಸುಲಭ: ಯಂತ್ರಕ್ಕೆ ಸೇರಿಸದ ಪೆಟ್ಟಿಗೆಯ ತಂತಿಗಳಿಗೆ ಟಾರ್ಚಿನ ಒಂದೂವರೆ ವೋಲ್ಟಿನ ಶೆಲ್ಲನ್ನು, ಧನಕ್ಕೆ ಧನವಾಗುವಂತೆ, ಒಂದು ಕ್ಷಣ ತಾಗಿಸಿದರೆ ಎರಡೂ ಶಂಕುಗಳು ಹೊರಕ್ಕೆ ನೆಗೆಯಬೇಕು. ಒಂದು ಒಳಕ್ಕೆ ಹೋದರೆ ಅದರ ತಂತಿಗಳನ್ನು ಅದಲುಬದಲು ಮಾಡಬೇಕು.

ಕೊನೆಗೆ ಉಳಿದುದು ಗೇನ್ ಎಂಬ ತಿರುಗಣೆ. ತರುಣರು ಇದನ್ನು ಸಪ್ಪಳವನ್ನು ಏರಿಸುವ ಗುಂಡಿಯೆಂದು ಭಾವಿಸಿ ತುದಿಯವರೆಗೆ ತಿರುಗಿಸುತ್ತಾರೆ. ಅದು ಹಾಡುಪೆಟ್ಟಿಗೆಯಿಂದ ಬರುವ ಸಂಕೇತಕ್ಕೂ ಆಂಪ್ಲಿಫಾಯರಿಗೂ ಹೊಂದಿಕೆ ಮಾಡುವ ಸಾಧನ. ಯಂತ್ರವು ತನ್ನ ಶಕ್ತಿ ಮೀರಿ ನುಡಿಯತೊಡಗಿದರೆ ಸ್ವರತರಂಗದ ತಲೆಯು ಕೊಯ್ದಂತೆ ಚಪ್ಪಟೆಯಾಗುವುದು, ನಾದವು ಒಡೆದು ಗೊಗ್ಗರಾಗುವುದು. ಆಗ ಸುರುಳಿಗೆ ಹೋಗುವ ಬಲವು ಹೆಚ್ಚಿ ಅದು ಬೇಯುವುದು. ಚಿಕ್ಕ ಆಂಪ್ಲಿಫಾಯರು ದೊಡ್ಡ ಸ್ಪೀಕರನ್ನು ಸುಡಲಾರದೆಂಬುದು ತಪ್ಪು ತಿಳಿವಳಿಕೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ವ್ಯಾಟುಗಳು ಬಹುಮಟ್ಟಿಗೆ ಕ್ಷಣಮಾತ್ರದ ಶಿಖರಸಂಖ್ಯೆಗಳು, ಆರ್.ಎಂ.ಎಸ್. ಎಂದು ಚಿಕ್ಕದಾಗಿ ಬರೆದಿರುವುದೇ ನಿಜವಾದ ಯೋಗ್ಯತೆ. ಎರಡು ದಾರಿಗಳುಳ್ಳ ಆಂಪ್ಲಿಫಾಯರನ್ನು ಬ್ರಿಜ್ ಎಂಬ ಕ್ರಮದಲ್ಲಿ ಒಂದಾಗಿಸುವವರು ಇನ್ನೊಂದನ್ನು ನೆನಪಿಡತಕ್ಕದ್ದು: ಆಗ ಪ್ರತಿಯೊಂದು ದಾರಿಗೂ ಎದುರಿನ ತಡೆಯ ಅರ್ಧವೇ ಕಾಣಿಸುವುದು. ಒಂದೊಂದು ದಾರಿಗೆ 2 ಓಮಿನವರೆಗೆ ತಾಳುವ ಯಂತ್ರಕ್ಕೆ ಬ್ರಿಜ್ ಮಾಡಿದಾಗ 4 ಓಮಿಗಿಂತ ಕೆಳಗಿಳಿಯಕೂಡದು.

ನೇಮಿಸಿದ ದಿನದಂದು ಆ ಮನೆಯವರು ಸುರಪುರಕ್ಕೆ ಹೋಗಿ ಬಂದರು. ಸುಟ್ಟ ವಾಸನೆಯೂ ಇರಲಿಲ್ಲ, ಯಂತ್ರವು ನಡುವೆ ನಿಲ್ಲಲೂ ಇಲ್ಲವಂತೆ. ಕೂಸು ಗಾಡಿಯಲ್ಲಿದ್ದಷ್ಟು ಹೊತ್ತು ಬಾಸನ್ನು ಹಚ್ಚಕೂಡದೆಂದು ಅಕ್ಕನು ಹಾಕಿದ ಕಟ್ಟಳೆಯನ್ನು ತಮ್ಮನು ಪಾಲಿಸಿದನೆಂದು ತಿಳಿದು ನಮಗೆ ಹೆಚ್ಚು ಸಂತೋಷವಾಯಿತು. ಮುಚ್ಚಿದ ಗಾಡಿಯೆಂಬುದು ಚಿಕ್ಕ ಕೋಣೆ. ಬಯಲಿನಲ್ಲಿ ಹಂಚಿಹೋಗುವ ನಾದವು ಅಲ್ಲಿ ಹಂಚಿಹೋಗುವುದಿಲ್ಲ. ಎಂಟು ಗಂಟೆಗಳ ಕೆಲಸದ ದಿನಕ್ಕೆ 85 ಡೆಸಿಬೆಲ್ಲು ದೊಡ್ಡವರ ಕಿವಿಗೂ ಮಿತಿಯೆಂದು ಅಮೆರಿಕೆಯ ಉದ್ಯೋಗಾರೋಗ್ಯ ಸಂಸ್ಥೆಯು ಶಿಫಾರಸು ಮಾಡಿದೆ; ಆ ಮೇಲೆ ಮೂರು ಡೆಸಿಬೆಲ್ಲು ಏರಿದಂತೆಲ್ಲ ತಾಳತಕ್ಕ ವೇಳೆಯು ಅರ್ಧಕ್ಕಿಳಿಯುವುದು. ಕೂಸಿನ ಕಿವಿ ಇದಕ್ಕಿಂತಲೂ ಕೋಮಲವಾದುದು. ಸಾಕೆಂದು ಹೇಳುವ ಬಾಯಿಯೂ ಅದಕ್ಕಿಲ್ಲ. ನೆರೆಹೊರೆಯವರ ಹಕ್ಕನ್ನೂ ನೆನೆಯಬೇಕು. ಭಾರತ ಸರಕಾರದ 2000ನೆಯ ವರ್ಷದ ಶಬ್ದಮಾಲಿನ್ಯ ನಿಯಮಗಳಂತೆ ವಸತಿಯ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ಲುಗಳು ಮಿತಿ. ಇಬ್ಬರು ಮೆಲ್ಲಗೆ ಮಾತಾಡಿದಷ್ಟರಲ್ಲಿ ಮುಗಿಯುವ ಮಿತಿಯಿದು. ಸಬ್‌ವೂಫರಿಗೆ ಅದರಲ್ಲಿ ಸ್ಥಳವೇ ಇಲ್ಲ.

ಮನೆಯ ಹಿರಿಯರಿಗೆ ನಮ್ಮದೊಂದು ವಿಜ್ಞಾಪನೆ. ಮಗನು ಗಾಡಿಗೆ ಇಂತಹದನ್ನು ತಂದಾಗ, ತಮಗೆ ತಿಳಿಯದ ವಿಷಯವೆಂದು ದೂರ ಸರಿಯುವುದೂ ಬೇಡ, ಎಲ್ಲವನ್ನೂ ಕಿತ್ತೊಗೆಯೆಂದು ಗದರುವುದೂ ಬೇಡ. ಗದರಿದರೆ ಅವನು ಕದ್ದು ಕಟ್ಟುವನು. ಕದ್ದು ಕಟ್ಟಿದ ತಂತಿಯನ್ನು ಯಾರೂ ತಡವಿ ನೋಡುವುದಿಲ್ಲ. ಒಂದು ಕಾಗದವನ್ನೂ ಪೆನ್ಸಿಲನ್ನೂ ಅವನ ಕೈಗೆ ಕೊಟ್ಟು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಯಂತ್ರವು ತಾಳುವ ಅತ್ಯಲ್ಪ ಓಮು ಎಷ್ಟು? ನಿನ್ನ ಜೋಡಣೆಯಿಂದ ಆಗುವ ಓಮು ಎಷ್ಟು? ಬ್ಯಾಟರಿಯಿಂದ ಫ್ಯೂಜು ಎಷ್ಟು ದೂರದಲ್ಲಿದೆ? ಎರಡನೆಯ ಉತ್ತರವು ಮೊದಲನೆಯದಕ್ಕಿಂತ ಕಡಿಮೆಯಾಗಿರಬಾರದು. ಮೂರನೆಯದು ಒಂದು ಮೊಳವನ್ನು ಮೀರಬಾರದು. ಓದುಬರಹ ಬಲ್ಲ ಯಾವ ತಂದೆತಾಯಿಗಳಾದರೂ ಈ ಪ್ರಶ್ನೆಗಳನ್ನು ಕೇಳಬಲ್ಲರು. ಭಿನ್ನರಾಶಿ ಕಲಿತ ಯಾವ ಹುಡುಗನಾದರೂ ಉತ್ತರಿಸಬಲ್ಲನು. ಉತ್ತರವು ಸರಿಯಾದ ಮೇಲೆ, ಮಿತಿಯಾದ ನಾದದಲ್ಲಿ ಒಂದು ಹಾಡನ್ನು ಹಾಕೆಂದು ಹೇಳಿ, ತಾವೂ ಗಾಡಿಯಲ್ಲಿ ಕುಳಿತು ಕೇಳಿದರೆ ಅದರಿಂದ ಮನೆಗೆ ಮಂಗಲವೇ ಆಗುವುದು.